ಚಾರ್ಜರ್ ಹಾಕಿದ ಕೂಡಲೇ ಸ್ಪೀಕರ್ ಗುಂಯ್ ಅನ್ನುತ್ತದೆ, ಯಾಕೆ?

ಪ್ರಶ್ನೆ: ಲ್ಯಾಪ್‌ಟಾಪ್‌ಗೆ ಹಳೆಯ ಹೋಮ್ ಥಿಯೇಟರ್ ಹಾಕಿಕೊಂಡು ಹಾಡು ಕೇಳ್ತೀನಿ. ಬ್ಯಾಟರಿಯಲ್ಲಿ ಓಡುವಾಗ ಏನೂ ತೊಂದರೆ ಇಲ್ಲ. ಚಾರ್ಜರ್ ಹಾಕಿದ ಕೂಡಲೇ ಗುಂಯ್ ಅಂತ ಶುರು. ಜೊತೆಗೆ ಸಣ್ಣಗೆ ಚರಚರ. ಮೌಸ್ ಆಡಿಸಿದರೆ ಆ ಚರಚರ ಬೇರೆ ಥರ ಆಗುತ್ತೆ! ಸೌಂಡ್ ಡ್ರೈವರ್ (ಸೌಂಡ್ ಚಿಪ್ ನಡೆಸುವ ಸಾಫ್ಟ್‌ವೇರ್) ತೆಗೆದು ಮತ್ತೆ ಹಾಕಿದ್ದಾಯ್ತು. ರಿಪೇರಿಯವರು ಸೌಂಡ್ ಚಿಪ್ ಹೋಗಿದೆ, ಬೋರ್ಡೇ ಬದಲಾಯಿಸಬೇಕು ಅಂತಾರೆ. ನಿಜವಾ?

ಉತ್ತರ: ಬೋರ್ಡಿಗೆ ಈಗಲೇ ದುಡ್ಡು ಕೊಡಬೇಡಿ. ಚಿಪ್ ಕೆಟ್ಟಿದ್ದರೆ ಬ್ಯಾಟರಿಯಲ್ಲೂ ಸದ್ದು ಬರಬೇಕಿತ್ತು ಅಲ್ವಾ? ಚಾರ್ಜರ್ ಕಿತ್ತರೆ ಸುಮ್ಮನಾಗುತ್ತದೆ ಅಂದಮೇಲೆ ತಕರಾರು ಇರುವುದು ಬಹುತೇಕ ಅರ್ಥಿಂಗ್‌ನಲ್ಲಿ.

3.5 ಎಂಎಂ ಪಿನ್ನಿನ ಆಡಿಯೋ ವೈರಿನಲ್ಲಿ ಎಡಗಡೆಗೊಂದು, ಬಲಗಡೆಗೊಂದು ತಂತಿ ಇರುತ್ತವೆ, ಎರಡಕ್ಕೂ ಸೇರಿ ಒಂದು ಗ್ರೌಂಡ್. ಹಾಡಿನ ಸಿಗ್ನಲ್ ಒಂದು ವೋಲ್ಟಿನ ಆಸುಪಾಸು ಅಷ್ಟೆ. ಗ್ರೌಂಡ್ ಅಂದರೆ ಸೊನ್ನೆ ಅಂತ ನಂಬಿಕೊಂಡು ಆಂಪ್ಲಿಫೈಯರ್ ಆ ಸಿಗ್ನಲ್ಲನ್ನು ಓದುತ್ತದೆ. ಚಾರ್ಜರಿನ ಮೂರನೇ ಪಿನ್ ಮೂಲಕ ಲ್ಯಾಪ್‌ಟಾಪ್ ಮನೆಯ ಅರ್ಥ್‌ಗೆ ಸೇರುತ್ತದೆ. ಅತ್ತ ಆಂಪ್ಲಿಫೈಯರ್ ಕೂಡ ತನ್ನ ಪ್ಲಗ್ಗಿನಿಂದಲೋ, ಟಿವಿ ಕೇಬಲ್ಲಿನಿಂದಲೋ ಅರ್ಥ್‌ಗೆ ಸೇರಿರುತ್ತದೆ. ಆಡಿಯೋ ವೈರು, ಅರ್ಥ್ ವೈರು ಎರಡೂ ಸೇರಿ ಒಂದು ಸುತ್ತು ಆಗಿಹೋಯಿತು. ಗ್ರೌಂಡ್ ಲೂಪ್ ಅನ್ನುವುದು ಇದಕ್ಕೇ. ಅದರಲ್ಲಿ ಚೂರೇ ಚೂರು ಕರೆಂಟ್ ಹರಿದರೂ ಸೊನ್ನೆ ಸೊನ್ನೆಯಾಗಿ ಉಳಿಯುವುದಿಲ್ಲ. ಕೆಲವು ಮಿಲಿವೋಲ್ಟ್ ಏರುಪೇರಾದರೂ ಆಂಪ್ಲಿಫೈಯರ್ ಅದನ್ನು ಹಾಡು ಅಂದುಕೊಂಡು ದೊಡ್ಡದು ಮಾಡುತ್ತದೆ.

ನಮ್ಮ ಮನೆಗೆ ಬರುವ ಕರೆಂಟು 50 ಹರ್ಟ್ಸ್. ಹಾಗಾಗಿ ಆ ಗುಂಯ್ ಸದ್ದು ಹೆಚ್ಚಾಗಿ 50 ಅಥವಾ 100 ಹರ್ಟ್ಸ್‌ನದು. ಇನ್ನು ಮೌಸ್ ವಿಷಯ. ನೀವು ಮೌಸ್ ಆಡಿಸಿದಾಗ ಪ್ರೊಸೆಸರ್ ಎಳೆದುಕೊಳ್ಳುವ ಕರೆಂಟ್ ಹೆಚ್ಚುಕಮ್ಮಿ ಆಗುತ್ತದೆ. ಅದರ ಗಲಾಟೆ ಅದೇ ಗ್ರೌಂಡಿಗೆ ಬಂದು ಬೀಳುತ್ತದೆ. ನಿಮಗೆ ಕೇಳಿಸುತ್ತಿರುವುದು ಕಂಪ್ಯೂಟರ್ ಕೆಲಸ ಮಾಡುವ ಸದ್ದೇ.

ಖರ್ಚಿಲ್ಲದ ಪರೀಕ್ಷೆಗಳು ಮೊದಲು. ಚಾರ್ಜರ್ ಹಾಕಿಯೇ ಇರಲಿ, ಸ್ಪೀಕರ್ ವೈರ್ ತೆಗೆದು ಇಯರ್‌ಫೋನ್ ಹಾಕಿ ಕೇಳಿ. ಸದ್ದಿಲ್ಲ ಅಂದರೆ ಲ್ಯಾಪ್‌ಟಾಪ್ ಚೆನ್ನಾಗಿದೆ, ರಿಪೇರಿಯವರಿಗೆ ನಮಸ್ಕಾರ ಹೇಳಿ. ಆಮೇಲೆ ಲ್ಯಾಪ್‌ಟಾಪ್ ಚಾರ್ಜರು, ಹೋಮ್ ಥಿಯೇಟರು ಎರಡನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿ ನೋಡಿ. ಬೇರೆ ಬೇರೆ ಗೋಡೆಯ ಸಾಕೆಟ್ಟಿಗಿಂತ ಇದರಲ್ಲಿ ಸುತ್ತು ಚಿಕ್ಕದಾಗುತ್ತದೆ. ಎಷ್ಟೋ ಸಲ ಇಷ್ಟಕ್ಕೇ ಸದ್ದು ಇಳಿಯುತ್ತದೆ. ಆಂಪ್ಲಿಫೈಯರಿಗೆ ಸೆಟ್‌ಟಾಪ್ ಬಾಕ್ಸ್ ಕೂಡ ಸೇರಿದ್ದರೆ ಅದರ ವೈರನ್ನೂ ಒಮ್ಮೆ ಕಿತ್ತು ನೋಡಿ.

ಇನ್ನೊಂದು ಸುಳಿವು: ಲ್ಯಾಪ್‌ಟಾಪಿನ ಲೋಹದ ಭಾಗ ಮುಟ್ಟಿದಾಗ ಸದ್ದು ಬದಲಾದರೆ, ಅಥವಾ ಬೆರಳಿಗೆ ಜುಮ್ ಅಂದರೆ, ನಿಮ್ಮದು ಲೂಪ್ ಅಲ್ಲ. ಅರ್ಥ್ ಸಿಗುತ್ತಲೇ ಇಲ್ಲ ಅಂತ ಲೆಕ್ಕ. ಹಳೆಯ ಮನೆಗಳಲ್ಲಿ ಸಾಕೆಟ್ಟಿಗೆ ಮೂರು ತೂತು ಇರುತ್ತದೆ, ಮೇಲಿನ ದೊಡ್ಡ ತೂತಿನ ಹಿಂದೆ ವೈರೇ ಇರುವುದಿಲ್ಲ! ಎಲೆಕ್ಟ್ರಿಷಿಯನ್ ಕರೆಸಿ ಮೀಟರ್ ಹಿಡಿಸಿ. ಫೇಸ್‌ಗೂ ಅರ್ಥ್‌ಗೂ ನಡುವೆ 230 ವೋಲ್ಟಿನ ಹತ್ತಿರ ತೋರಿಸಬೇಕು. ಅಲ್ಲಿ ತೀರಾ ಕಮ್ಮಿ ಬಂದರೆ ಅರ್ಥ್ ಕೆಲಸವನ್ನೇ ಮೊದಲು ಮಾಡಿಸಿ. ಹಾಡಿಗಿಂತ ನಿಮ್ಮ ಕೈ ಮುಖ್ಯ.

ದಪ್ಪ ಪಿನ್ ಮುರಿದರೆ, ಇಲ್ಲ ಎರಡು ಪಿನ್ನಿನ ಕನ್ವರ್ಟರ್ ಹಾಕಿದರೆ ಸದ್ದು ಹೋಗುತ್ತೆ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಹೋಗಬಹುದು, ಸುಳ್ಳಲ್ಲ. ಆದರೆ ಒಳಗೆ ಎಲ್ಲಾದರೂ ಫೇಸ್ ತಗುಲಿದ ದಿನ ಆ ಕರೆಂಟಿಗೆ ದಾರಿಯಾಗುವುದು ನೀವು. ಅದನ್ನು ಮಾತ್ರ ಮಾಡಬೇಡಿ.

ಸರಿಯಾದ ದಾರಿ ಗ್ರೌಂಡ್ ಲೂಪ್ ಐಸೋಲೇಟರ್. ಆಡಿಯೋ ವೈರಿನ ನಡುವೆ ಹಾಕುವ ಪುಟ್ಟ ಡಬ್ಬಿ ಇದು. ಒಳಗೆ ಎರಡು ಸಣ್ಣ ಟ್ರಾನ್ಸ್‌ಫಾರ್ಮರ್, ಎಡಕ್ಕೊಂದು ಬಲಕ್ಕೊಂದು. ಹಾಡು ದಾಟುತ್ತದೆ, ಗ್ರೌಂಡ್ ತಂತಿ ಅಲ್ಲಿಗೇ ತುಂಡಾಗುತ್ತದೆ. ತೀರಾ ಅಗ್ಗದ್ದರಲ್ಲಿ ಬೇಸ್ ಸ್ವಲ್ಪ ಸಪ್ಪೆಯಾಗುತ್ತದೆ, ಅದು ಗೊತ್ತಿರಲಿ. ಇದರ ಬದಲು ಯುಎಸ್‌ಬಿ ಸೌಂಡ್ ಕಾರ್ಡ್ ಕೊಳ್ಳಿ ಅನ್ನುವವರೂ ಇದ್ದಾರೆ. ಲೂಪಿಗೆ ಅದು ಗ್ಯಾರಂಟಿ ಮದ್ದಲ್ಲ, ಯಾಕೆಂದರೆ ಯುಎಸ್‌ಬಿ ವೈರಿನಲ್ಲೂ ಲ್ಯಾಪ್‌ಟಾಪಿನ ಗ್ರೌಂಡೇ ಇರುತ್ತದೆ. ಬ್ಲೂಟೂತ್‌ನಲ್ಲೋ, ಬೆಳಕಿನಲ್ಲಿ ಸಿಗ್ನಲ್ ಹೋಗುವ ಆಪ್ಟಿಕಲ್ ವೈರಿನಲ್ಲೋ ಈ ತಾಪತ್ರಯವೇ ಇಲ್ಲ.

ಕರೆಂಟ್ ಹೋಗಿ ಯುಪಿಎಸ್ ಬಂದಾಗ ಮಾತ್ರ ಗುಂಯ್ ಅನ್ನುತ್ತದಾ? ಹಾಗಿದ್ದರೆ ನಿಮ್ಮದು ಸ್ಕ್ವೇರ್ ವೇವ್ ಇನ್ವರ್ಟರ್, ಅಂದರೆ ಕರೆಂಟನ್ನು ನಯವಾದ ಅಲೆಯ ಬದಲು ಚೌಕಾಕಾರದ ಅಲೆಯಾಗಿ ಕೊಡುವಂಥದ್ದು ಇರಬಹುದು. ಫ್ಯಾನ್ ಕೂಡ ಅದೇ ಹೊತ್ತಿಗೆ ಗೊರಗುಡುತ್ತದೆ, ಗಮನಿಸಿ. ವಾಲ್ಯೂಮ್ ತಿರುಗಿಸುವಾಗ ಮಾತ್ರ ಕರಕರ ಅಂದರೆ ಆ ನಾಬಿನೊಳಗೆ ಧೂಳು. ಪವರ್ ತೆಗೆದು ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ಹೊಡೆದು ನಾಲ್ಕಾರು ಸಲ ತಿರುಗಿಸಿ.

ಬ್ಯಾಟರಿಯಲ್ಲೂ, ಇಯರ್‌ಫೋನಿನಲ್ಲೂ ಪಟಪಟ ಅಂತ ಒಡೆದು ಕೇಳಿಸುವವರ ಕಥೆಯೇ ಬೇರೆ. ಅವರು ವೈರು ಬಿಟ್ಟು ಸಾಫ್ಟ್‌ವೇರ್ ನೋಡಬೇಕು. ಹಾಡು ಸೆಕೆಂಡಿಗೆ 48,000 ಸ್ಯಾಂಪಲ್ (ಸದ್ದಿನ ಒಂದೊಂದು ಅಳತೆ) ಲೆಕ್ಕದಲ್ಲಿ ಹೋಗುತ್ತಿದೆ ಅನ್ನಿ. ಕಂಪ್ಯೂಟರ್ ಅದನ್ನು ತುಂಡು ತುಂಡಾಗಿ ಬಫರಿಗೆ, ಅಂದರೆ ಮುಂಚೆಯೇ ತುಂಬಿಟ್ಟುಕೊಳ್ಳುವ ಪುಟ್ಟ ಜಾಗಕ್ಕೆ, ತುಂಬುತ್ತಿರುತ್ತದೆ. 10 ಮಿಲಿಸೆಕೆಂಡಿನ ಬಫರ್ ಅಂದರೆ 480 ಸ್ಯಾಂಪಲ್. ಟ್ಯಾಂಕ್ ಖಾಲಿಯಾಗುವ ಮೊದಲು ಮೋಟರ್ ಹಾಕದಿದ್ದರೆ ನಲ್ಲಿ ಬುಸ್ ಅನ್ನುವ ಹಾಗೆ, ತುಂಬುವುದು ತಡವಾದರೆ ಪಟ್ ಅನ್ನುತ್ತದೆ. ವಿಂಡೋಸ್‌ನಲ್ಲಿ ಲೇಟೆನ್ಸಿಮಾನ್ ಅನ್ನುವ ಉಚಿತ ಪ್ರೋಗ್ರಾಂ ಸ್ವಲ್ಪ ಹೊತ್ತು ಓಡಿಸಿದರೆ ತಡ ಮಾಡುತ್ತಿರುವ ಡ್ರೈವರ್ ಯಾವುದು ಅಂತ ತೋರಿಸುತ್ತದೆ. ವೈ-ಫೈ ಡ್ರೈವರ್ ಸಿಕ್ಕಿಬೀಳುವುದು ಜಾಸ್ತಿ. ವೈ-ಫೈ ಆಫ್ ಮಾಡಿ ಅದೇ ಹಾಡು ಮತ್ತೆ ಹಾಕಿ, ಪಟಪಟ ನಿಂತರೆ ಆ ಡ್ರೈವರನ್ನು ಲ್ಯಾಪ್‌ಟಾಪ್ ಕಂಪನಿಯ ಸೈಟಿನಿಂದಲೇ ತಂದು ಹೊಸದು ಹಾಕಿ.

ನಿಮ್ಮ ವಿಷಯಕ್ಕೆ ಬಂದರೆ, ಐಸೋಲೇಟರ್ ತರುವವರೆಗೆ ಒಂದು ಉಪಾಯ ಇದೆ. ಲ್ಯಾಪ್‌ಟಾಪಿನ ವಾಲ್ಯೂಮ್ 80-90ರವರೆಗೆ ಏರಿಸಿ, ಹೋಮ್ ಥಿಯೇಟರಿನದು ಇಳಿಸಿ. ಲೂಪಿನ ಸದ್ದು ವೈರಿನಲ್ಲಿ ಅಷ್ಟೇ ಇರುತ್ತದೆ, ಹಾಡು ಅದಕ್ಕಿಂತ ಜೋರಾಗಿ ಬರುತ್ತದೆ. ಗುಂಯ್ ಪೂರ್ತಿ ಹೋಗುವುದಿಲ್ಲ, ಆದರೆ ಹಾಡಿನ ನಡುವೆ ಅಷ್ಟಾಗಿ ಕಿವಿಗೆ ಬೀಳುವುದಿಲ್ಲ.