ಕೆಲಸವನ್ನು ನೋಡುವವರು, ನೋಡಿಸಿಕೊಳ್ಳುವವರು

ತಂತ್ರಾಂಶವೊಂದರ ಹೊಸ ಪರದೆಯನ್ನು ಜನರ ಮುಂದಿಟ್ಟು ಪರೀಕ್ಷಿಸುವಾಗ, ಪರೀಕ್ಷೆ ನಡೆಸುವವರು ಮೊದಲಿಗೇ ಹೇಳುವ ಮಾತೊಂದಿದೆ: ‘ನಾವು ಪರೀಕ್ಷಿಸುತ್ತಿರುವುದು ಈ ತಂತ್ರಾಂಶವನ್ನು, ನಿಮ್ಮನ್ನಲ್ಲ, ಬೇಡವೆನಿಸಿದರೆ ಯಾವಾಗ ಬೇಕಾದರೂ ನಿಲ್ಲಿಸಬಹುದು.’ ಕೇಳುವುದಕ್ಕೆ ಇದು ಬರಿಯ ಸೌಜನ್ಯದ ಮಾತಿನಂತಿದ್ದರೂ ಇದರ ಹಿಂದೆ ನೂರು ವರ್ಷಕ್ಕೂ ಮೀರಿದ ತಕರಾರಿನ ಚರಿತ್ರೆಯಿದೆ. ಬಳಕೆದಾರರ ಕೆಲಸವನ್ನು ಹಂತಹಂತವಾಗಿ ಬಿಡಿಸಿ ಅರಿಯುವ ಕಾರ್ಯ ವಿಶ್ಲೇಷಣೆಯನ್ನೂ, ಆ ಅಧ್ಯಯನದಲ್ಲಿ ಪಾಲ್ಗೊಳ್ಳುವವರನ್ನು ನಡೆಸಿಕೊಳ್ಳುವ ನೀತಿಯನ್ನೂ ಸಾಮಾನ್ಯವಾಗಿ ಎರಡು ಬೇರೆ ಪಾಠಗಳಾಗಿ ಕಲಿಸಲಾಗುತ್ತದೆ. ಆದರೆ ಒಬ್ಬರ ಕೆಲಸವನ್ನು ಇನ್ನೊಬ್ಬರು ನಿಂತು ನೋಡಿದಾಗ ಅದರ ಲಾಭ ಯಾರಿಗೆ ಎಂಬ ಪ್ರಶ್ನೆಯಿಂದಲೇ ಎರಡೂ ಹುಟ್ಟಿವೆ.

ಕೆಲಸವನ್ನು ತುಂಡುತುಂಡಾಗಿ ಬಿಡಿಸಿ ಅಳೆಯುವ ಪದ್ಧತಿಗೆ ಹೆಸರು ತಂದುಕೊಟ್ಟವರು ಅಮೆರಿಕದ ಎಂಜಿನಿಯರ್ ಫ್ರೆಡರಿಕ್ ವಿನ್ಸ್ಲೋ ಟೇಲರ್. ಕಾರ್ಮಿಕನ ಪ್ರತಿಯೊಂದು ಚಲನೆಗೂ ಸ್ಟಾಪ್‌ವಾಚ್ ಹಿಡಿದು, ವ್ಯರ್ಥವೆನಿಸಿದ್ದನ್ನು ತೆಗೆದುಹಾಕಿ, ಉಳಿದದ್ದನ್ನು ‘ಅತ್ಯುತ್ತಮವಾದ ಏಕೈಕ ವಿಧಾನ’ವೆಂದು ವಿಧಿಸುವುದು ಅವರ ಕ್ರಮವಾಗಿತ್ತು. ಅವರ ವಿಚಾರಗಳು ಪುಸ್ತಕವಾಗಿ ಹೊರಬಂದ 1911ರಲ್ಲಿಯೇ ಮ್ಯಾಸಚೂಸೆಟ್ಸ್‌ನ ವಾಟರ್‌ಟೌನ್ ಶಸ್ತ್ರಾಗಾರದಲ್ಲಿ ಎರಕದ ಕೆಲಸಗಾರನೊಬ್ಬ ತನ್ನ ಕೆಲಸಕ್ಕೆ ಸ್ಟಾಪ್‌ವಾಚ್ ಹಿಡಿಯಬಾರದೆಂದು ನಿರಾಕರಿಸಿದ. ಅವನನ್ನು ಕೆಲಸದಿಂದ ತೆಗೆದಾಗ ಜೊತೆಗಾರರು ಕೆಲಸ ನಿಲ್ಲಿಸಿ ಹೊರನಡೆದರು. ವಿಷಯ ಅಮೆರಿಕದ ಸಂಸತ್ತಿಗೆ ಹೋಯಿತು, ವಿಚಾರಣಾ ಸಮಿತಿಯ ಮುಂದೆ ಟೇಲರ್ ಅವರೇ ಹಾಜರಾಗಿ ಉತ್ತರ ಕೊಡಬೇಕಾಯಿತು, ಮತ್ತು ಸರ್ಕಾರಿ ಶಸ್ತ್ರಾಗಾರಗಳಲ್ಲಿ ಸ್ಟಾಪ್‌ವಾಚ್ ಬಳಕೆಗೆ ಹಣ ವ್ಯಯಿಸಬಾರದೆಂಬ ಷರತ್ತು ಕೆಲವು ವರ್ಷಗಳಲ್ಲಿ ಜಾರಿಗೆ ಬಂದು 1940ರ ದಶಕದ ಕೊನೆಯವರೆಗೂ ಉಳಿಯಿತು. ಈ ಮುಷ್ಕರ ಕಾರ್ಮಿಕ ಚಳವಳಿಯ ಚರಿತ್ರೆಯಲ್ಲಿ ದಾಖಲಾಗಿದ್ದರೂ ಬಳಕೆದಾರ ಮತ್ತು ಯಂತ್ರ ಸಂಧಿಸುವ ಪರದೆ, ಗುಂಡಿಗಳನ್ನು ರೂಪಿಸುವ ಇಂಟರ್‌ಫೇಸ್ ವಿನ್ಯಾಸದ ಪಾಠಗಳಲ್ಲಿ ಅಷ್ಟಾಗಿ ಕಾಣಿಸುವುದಿಲ್ಲ. ನನ್ನ ದೃಷ್ಟಿಯಲ್ಲಿ ಅದರ ಸ್ಥಾನ ಅಲ್ಲಿಯೇ, ಏಕೆಂದರೆ ಒಪ್ಪಿಗೆಯಿಲ್ಲದ ವೀಕ್ಷಣೆಯ ವಿಷಯದಲ್ಲಿ ಕಾರ್ಯ ವಿಶ್ಲೇಷಣೆ ಎದುರಿಸಿದ ಮೊದಲ ದೊಡ್ಡ ಪರೀಕ್ಷೆ ಅದು.

ಎರಡನೆಯ ಮಹಾಯುದ್ಧದ ಕಾಲದಲ್ಲಿ ದೃಷ್ಟಿ ಬದಲಾಯಿತು. ಅಮೆರಿಕದ ಬಾಂಬರ್ ವಿಮಾನಗಳ ಚಾಲಕರು ನೆಲಕ್ಕಿಳಿದ ಬಳಿಕ ರೆಕ್ಕೆಯ ಹಿಂಬದಿಯ ಹಲಗೆಗಳಾದ ಫ್ಲ್ಯಾಪ್‌ಗಳನ್ನು ಮಡಚುವ ಬದಲು ಚಕ್ರಗಳನ್ನೇ ಒಳಗೆಳೆದು ವಿಮಾನವನ್ನು ಹೊಟ್ಟೆಯ ಮೇಲೆ ಕೂರಿಸಿಬಿಡುತ್ತಿದ್ದರು. ಇದನ್ನು ಚಾಲಕರ ಅಜಾಗರೂಕತೆಯೆಂದು ತಳ್ಳಿಹಾಕದೆ, ಎರಡೂ ನಿಯಂತ್ರಣಗಳು ಒಂದೇ ಆಕಾರದಲ್ಲಿ ಅಕ್ಕಪಕ್ಕದಲ್ಲಿರುವುದೇ ಕಾರಣವೆಂದು ಮನೋವಿಜ್ಞಾನಿ ಆಲ್ಫೋನ್ಸ್ ಚಪಾನಿಸ್ ಗುರುತಿಸಿದರು. ಒಂದರ ಹಿಡಿಗೆ ಚಕ್ರದ ಆಕಾರವನ್ನೂ ಇನ್ನೊಂದಕ್ಕೆ ರೆಕ್ಕೆಯ ಆಕಾರವನ್ನೂ ಕೊಡುವುದು ಇದಕ್ಕೆ ಪರಿಹಾರವಾಯಿತು. 1947ರಲ್ಲಿ ಪಾಲ್ ಫಿಟ್ಸ್ ಮತ್ತು ರಿಚರ್ಡ್ ಜೋನ್ಸ್, ‘ಚಾಲಕನ ತಪ್ಪು’ ಎಂದು ಕರೆಯಲಾಗುತ್ತಿದ್ದ 460 ಪ್ರಸಂಗಗಳನ್ನು ಚಾಲಕರಿಂದಲೇ ಕೇಳಿ ತಿಳಿದು ವಿಶ್ಲೇಷಿಸಿದಾಗ, ಅವುಗಳಲ್ಲಿ ಬಹಳಷ್ಟಕ್ಕೆ ಉಪಕರಣದ ವಿನ್ಯಾಸವೇ ದಾರಿ ಮಾಡಿಕೊಟ್ಟಿತ್ತೆಂಬುದು ಸ್ಪಷ್ಟವಾಯಿತು. ತಪ್ಪಿನ ಹೊಣೆ ಮನುಷ್ಯನಿಂದ ಯಂತ್ರದ ಕಡೆಗೆ ಸರಿದದ್ದು ಇಲ್ಲಿ. ತಾನು ಎಡವಿದ ಬಗೆಯನ್ನು ಶಿಕ್ಷೆಯ ಭಯವಿಲ್ಲದೆ ಹೇಳಬಲ್ಲ ಚಾಲಕನಿಂದ ಮಾತ್ರ ಇಂಥ ಮಾಹಿತಿ ದೊರೆಯುತ್ತದೆಂಬುದೂ ಅಷ್ಟೇ ಮುಖ್ಯ.

ಮುಂದಿನ ಎರಡು ದಶಕಗಳಲ್ಲಿ ವಿಧಾನಗಳು ಗಟ್ಟಿಗೊಂಡವು. 1967ರಲ್ಲಿ ಬ್ರಿಟನ್ನಿನ ಜಾನ್ ಆನೆಟ್ ಮತ್ತು ಕೀತ್ ಡಂಕನ್ ರೂಪಿಸಿದ ಶ್ರೇಣೀಕೃತ ಕಾರ್ಯ ವಿಶ್ಲೇಷಣೆ ಇಂದಿಗೂ ಬಳಕೆಯಲ್ಲಿದೆ. ಅದು ಕೈಯ ಚಲನೆಗಳಿಂದ ತೊಡಗದೆ ಗುರಿಯಿಂದ ತೊಡಗುತ್ತದೆ; ಗುರಿಯನ್ನು ಉಪಗುರಿಗಳಾಗಿ ಒಡೆದು, ಅವು ಯಾವ ಕ್ರಮದಲ್ಲಿ, ಯಾವ ಸಂದರ್ಭದಲ್ಲಿ ನಡೆಯಬೇಕೆಂಬ ಯೋಜನೆಯನ್ನು ಪ್ರತಿ ಹಂತಕ್ಕೂ ಜೋಡಿಸುತ್ತದೆ. ಎಲ್ಲಿಯವರೆಗೆ ಒಡೆಯಬೇಕು ಎಂಬುದಕ್ಕೂ ಒಂದು ಸೂತ್ರವಿತ್ತು: ಆ ಹಂತದಲ್ಲಿ ತಪ್ಪಾಗುವ ಸಂಭವವನ್ನು ತಪ್ಪಿನಿಂದಾಗುವ ನಷ್ಟದೊಂದಿಗೆ ಗುಣಿಸಿದಾಗ ಬರುವುದು ಗಣನೆಗೆ ಬಾರದಷ್ಟು ಕಡಿಮೆಯಿದ್ದರೆ ಅಲ್ಲಿಗೆ ನಿಲ್ಲಿಸಬಹುದು.

ಕಂಪ್ಯೂಟರ್ ಪರದೆಗಳ ಕಾಲಕ್ಕೆ ಬಂದಾಗ 1983ರಲ್ಲಿ ಸ್ಟುವರ್ಟ್ ಕಾರ್ಡ್, ಥಾಮಸ್ ಮೊರಾನ್ ಮತ್ತು ಅಲೆನ್ ನ್ಯೂವೆಲ್ ‘ಗಾಮ್ಸ್’ ಎಂಬ ಮಾದರಿಯನ್ನು ಮುಂದಿಟ್ಟರು. ಗುರಿ, ಕ್ರಿಯೆ, ವಿಧಾನ ಮತ್ತು ವಿಧಾನಗಳ ನಡುವಿನ ಆಯ್ಕೆಯ ನಿಯಮ ಇವುಗಳನ್ನು ಬರೆದಿಟ್ಟರೆ, ನುರಿತ ಬಳಕೆದಾರನಿಗೆ ಒಂದು ಕೆಲಸಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆಂದು ಮುಂಚಿತವಾಗಿ ಲೆಕ್ಕ ಹಾಕಬಹುದಿತ್ತು. ಈ ಲೆಕ್ಕದ ಶಕ್ತಿ ಬೆಳಕಿಗೆ ಬಂದದ್ದು ನೈನೆಕ್ಸ್ ಎಂಬ ಅಮೆರಿಕದ ದೂರವಾಣಿ ಕಂಪನಿಯಲ್ಲಿ. ಆಪರೇಟರ್‌ಗಳಿಗೆಂದು ತಯಾರಾದ ಹೊಸ ಉಪಕರಣ ಹಳೆಯದಕ್ಕಿಂತ ವೇಗವಾಗಿ ಕೆಲಸ ಮಾಡುತ್ತದೆಂದು ಎಲ್ಲರೂ ನಂಬಿದ್ದರು; ಕೀಲಿ ಒತ್ತುವ ಸಂಖ್ಯೆ ಕಡಿಮೆಯಾಗಿತ್ತು, ಪರದೆ ಚುರುಕಾಗಿತ್ತು. ಆದರೆ ಅದು ನಿಧಾನವಾಗುತ್ತದೆಂದು ಮಾದರಿ ಹೇಳಿತು, ಪ್ರತ್ಯಕ್ಷ ಪ್ರಯೋಗದಲ್ಲಿ ಆದದ್ದೂ ಅದೇ. ವಿನ್ಯಾಸಕರು ತೆಗೆದುಹಾಕಿದ ಒತ್ತುಗಳು, ಕರೆ ಮಾಡಿದವರು ಮಾತನಾಡುತ್ತಿರುವಾಗ ಆಪರೇಟರ್‌ಗಳು ಹೇಗೂ ಮುಗಿಸಿಬಿಡುತ್ತಿದ್ದಂಥವು. ಬದಲಿಗೆ ಒಂದಷ್ಟು ಕೆಲಸ, ಕರೆ ಮುಗಿಯುವುದನ್ನೇ ತಡಮಾಡುವ ಜಾಗಕ್ಕೆ ಸರಿದಿತ್ತು. 1993ರಲ್ಲಿ ಪ್ರಕಟವಾದ ಈ ಅಧ್ಯಯನವನ್ನು ಓದುವಾಗ, ಸೆಕೆಂಡುಗಳನ್ನು ಎಣಿಸುವ ಟೇಲರ್‌ನ ಗಡಿಯಾರವೇ ಇಲ್ಲಿ ಕೆಲಸಗಾರರ ಜಾಣತನಕ್ಕೆ ಸಾಕ್ಷಿ ನುಡಿದಂತೆ ತೋರುತ್ತದೆ.

ಲೆಕ್ಕದಿಂದ ಎಲ್ಲವೂ ಸಿಗುವುದಿಲ್ಲವೆಂಬ ವಾದವೂ ಅದೇ ಕಾಲದ್ದು. ಜಾನ್ ಗೌಲ್ಡ್ ಮತ್ತು ಕ್ಲೇಟನ್ ಲೂಯಿಸ್ 1985ರಲ್ಲಿ, ಬಳಕೆದಾರರ ಮೇಲೆ ಮತ್ತು ಅವರ ಕೆಲಸಗಳ ಮೇಲೆ ಆರಂಭದಿಂದಲೇ ಗಮನವಿರಬೇಕೆಂಬುದನ್ನು ವಿನ್ಯಾಸದ ಮೊದಲ ತತ್ತ್ವವಾಗಿ ಬರೆದರು. ಲೂಯಿಸ್ ಮುಂದೆ ಜಾನ್ ರೀಮನ್ ಜೊತೆಗೂಡಿ ಇದನ್ನು ಸರಳವಾದ ಅಭ್ಯಾಸವನ್ನಾಗಿಸಿದರು: ನಿಜವಾದ ಜನರು ಮಾಡುವ ನಿಜವಾದ ಕೆಲಸಗಳನ್ನು ಆರಿಸಿಕೊಂಡು, ಬಳಕೆದಾರನಿಗೆ ಏನಾಗಬೇಕು ಎಂಬುದನ್ನಷ್ಟೇ ಬರೆಯಬೇಕು, ಅದನ್ನು ಹೇಗೆ ಮಾಡುತ್ತಾನೆಂದು ಬರೆಯಕೂಡದು. ಇತ್ತ ಮಾನವಶಾಸ್ತ್ರಜ್ಞೆ ಲೂಸಿ ಸಚ್‌ಮನ್ 1987ರಲ್ಲಿ, ಸಹಾಯದ ಸೂಚನೆಗಳನ್ನು ತಾನೇ ಕೊಡುತ್ತಿದ್ದ ಕಾಗದಗಳ ನಕಲು ತೆಗೆಯುವ ಯಂತ್ರದ ಮುಂದೆ ಜನರು ಹೇಗೆ ತಡವರಿಸುತ್ತಾರೆಂದು ತೋರಿಸಿ, ಬರೆದಿಟ್ಟ ಯೋಜನೆಗೂ ಆ ಹೊತ್ತಿನ ಕ್ರಿಯೆಗೂ ಇರುವ ಅಂತರವನ್ನು ಚರ್ಚೆಗೆ ತಂದರು. ಸ್ಕ್ಯಾಂಡಿನೇವಿಯದಲ್ಲಿ ಪ್ರಶ್ನೆಯೇ ಬೇರೆಯಾಗಿತ್ತು. ಅಲ್ಲಿ 1970ರ ದಶಕದಿಂದಲೇ ನಾರ್ವೆಯ ಕಂಪ್ಯೂಟರ್ ವಿಜ್ಞಾನಿ ಕ್ರಿಸ್ಟೆನ್ ನೀಗೋರ್ಡ್ ಮೊದಲಾದವರು ಕಾರ್ಮಿಕ ಸಂಘಗಳೊಂದಿಗೆ ಸೇರಿ, ಕಂಪ್ಯೂಟರ್ ವ್ಯವಸ್ಥೆಯನ್ನು ಬಳಸಬೇಕಾದವರೇ ಅದರ ವಿನ್ಯಾಸದಲ್ಲಿ ನಿರ್ಧಾರ ಮಾಡುವ ಪದ್ಧತಿಯನ್ನು ಕಟ್ಟಿದರು.

ಪಾಲ್ಗೊಳ್ಳುವವರ ರಕ್ಷಣೆಯ ನಿಯಮಗಳು ಮಾತ್ರ ಬೇರೊಂದು ದಾರಿಯಿಂದ ಬಂದವು. ನಾಜಿ ವೈದ್ಯರ ವಿಚಾರಣೆಯ ಫಲವಾದ 1947ರ ನ್ಯೂರೆಂಬರ್ಗ್ ಸಂಹಿತೆ, ಸ್ವಇಚ್ಛೆಯ ಒಪ್ಪಿಗೆಯನ್ನು ಮೊದಲ ಷರತ್ತಾಗಿಸಿತು. 1960ರ ದಶಕದ ಆರಂಭದಲ್ಲಿ ಅಮೆರಿಕದ ಮನೋವಿಜ್ಞಾನಿ ಸ್ಟ್ಯಾನ್ಲಿ ಮಿಲ್‌ಗ್ರಾಮ್, ಇನ್ನೊಬ್ಬರಿಗೆ ವಿದ್ಯುತ್ ಆಘಾತ ಕೊಡುತ್ತಿದ್ದೇವೆಂದು ಪಾಲ್ಗೊಂಡವರನ್ನು ನಂಬಿಸಿ ನಡೆಸಿದ ವಿಧೇಯತೆಯ ಪ್ರಯೋಗಗಳು, ಮೈಮುಟ್ಟದೆಯೂ ಮನುಷ್ಯನನ್ನು ನೋಯಿಸಬಹುದೆಂಬುದನ್ನು ತೋರಿಸಿದವು. ಅಲಬಾಮದ ಟಸ್ಕೀಗಿಯಲ್ಲಿ ಕಪ್ಪು ಜನಾಂಗದ ರೋಗಿಗಳಿಗೆ 1932ರಿಂದ ಸಿಫಿಲಿಸ್‌ಗೆ ಚಿಕಿತ್ಸೆ ಕೊಡದೆ ಗಮನಿಸುತ್ತಲೇ ಇದ್ದದ್ದು 1972ರಲ್ಲಿ ಬಯಲಾದಾಗ ಅಮೆರಿಕ ಮನುಷ್ಯರ ಮೇಲಿನ ಸಂಶೋಧನೆಯ ಬಗ್ಗೆ ಕಾಯಿದೆ ತಂದಿತು. ಅದರಡಿ ರಚನೆಯಾದ ಆಯೋಗವು 1979ರ ಬೆಲ್ಮಾಂಟ್ ವರದಿಯಲ್ಲಿ ವ್ಯಕ್ತಿಗೌರವ, ಹಿತಚಿಂತನೆ ಮತ್ತು ನ್ಯಾಯ ಎಂಬ ಮೂರು ತತ್ತ್ವಗಳನ್ನು ನೆಲೆಗೊಳಿಸಿತು.

ಗುಂಡಿ ಒತ್ತಿ ನೋಡುವ ಪರೀಕ್ಷೆಗೆ ಇಷ್ಟು ಭಾರವಾದ ತತ್ತ್ವಗಳು ಏಕೆ ಎಂಬ ಆಕ್ಷೇಪ ಸಹಜ. ಇಲ್ಲಿ ಔಷಧವಿಲ್ಲ, ಶಸ್ತ್ರಚಿಕಿತ್ಸೆಯಿಲ್ಲ. ಆದರೆ ಅವಮಾನವಿದೆ. ಅಪರಿಚಿತರ ಎದುರಿನಲ್ಲಿ, ಕ್ಯಾಮೆರಾ ಓಡುತ್ತಿರುವಾಗ, ಸುಲಭವೆಂದು ಹೇಳಲಾದ ಕೆಲಸವನ್ನು ಮಾಡಲಾಗದೆ ಕುಳಿತವರು ಬಹುಮಟ್ಟಿಗೆ ಪರದೆಯನ್ನು ದೂರುವುದಿಲ್ಲ, ತಮ್ಮನ್ನೇ ದೂರಿಕೊಳ್ಳುತ್ತಾರೆ. ಮನಸ್ಸಿಗೆ ಬಂದದ್ದನ್ನೆಲ್ಲ ಬಾಯಿಬಿಟ್ಟು ಹೇಳುತ್ತಾ ಕೆಲಸ ಮಾಡಿಸುವ ವಿಧಾನದಲ್ಲಿ ವೀಕ್ಷಕರು ನಡುವೆ ನೆರವಾಗಬಾರದೆಂಬ ನಿಯಮವಿದೆ. ನೆರವಾದರೆ ಮಾಹಿತಿ ಕೆಡುತ್ತದೆ, ಸುಮ್ಮನಿದ್ದರೆ ಎದುರಿಗಿರುವವರು ಕುಗ್ಗುತ್ತಾರೆ. ಎಲ್ಲಿ ನಿಲ್ಲಿಸಬೇಕೆಂಬುದನ್ನು ಪರೀಕ್ಷೆಗೆ ಮೊದಲೇ ನಿರ್ಧರಿಸಿಕೊಳ್ಳುವುದು ಈ ಇಕ್ಕಟ್ಟಿಗೆ ಸಿಕ್ಕಿರುವ ಅರ್ಧ ಪರಿಹಾರ. ಕೆಲಸದ ಜಾಗದಲ್ಲಿ ಅಪಾಯ ಇನ್ನೂ ಹೆಚ್ಚು. ಮೇಲಧಿಕಾರಿ ಕಳುಹಿಸಿದ ನೌಕರರ ಸಹಿಯನ್ನು ಪೂರ್ಣ ಒಪ್ಪಿಗೆಯೆಂದು ಎಣಿಸುವುದು ಕಷ್ಟ. ಅಲ್ಲದೆ ಕಾರ್ಯ ವಿಶ್ಲೇಷಕರು ಹುಡುಕುವುದೇ ನಿಯಮದ ಪುಸ್ತಕದಲ್ಲಿಲ್ಲದ ಒಳದಾರಿಗಳನ್ನು: ತುರ್ತಿನಲ್ಲಿ ಸಹೋದ್ಯೋಗಿಯ ಪಾಸ್‌ವರ್ಡ್ ಬಳಸುವ ದಾದಿ, ಪರದೆ ಕೇಳುವ ಕಡ್ಡಾಯ ವಿವರದ ಜಾಗದಲ್ಲಿ ಸೊನ್ನೆ ತುಂಬಿ ಮುಂದೆ ಸಾಗುವ ಗುಮಾಸ್ತ. ಇವು ಹೆಸರಿನೊಂದಿಗೆ ವರದಿ ಸೇರಿದರೆ ಅವರಿಗೆ ಶಿಕ್ಷೆಯಾಗಬಹುದು, ಮತ್ತು ಮುಂದಿನ ಸಲ ಬಂದ ವೀಕ್ಷಕರಿಗೆ ಎಲ್ಲರೂ ನಿಯಮದಂತೆಯೇ ಕೆಲಸ ಮಾಡಿ ತೋರಿಸುತ್ತಾರೆ. ಹಾಗೆ ದಾಖಲಾದ ಕಾರ್ಯ ವಿಶ್ಲೇಷಣೆಯ ಮೇಲೆ ಕಟ್ಟಿದ ಪರದೆ ಯಾರ ಕೆಲಸಕ್ಕೂ ಒದಗುವುದಿಲ್ಲ.

ಅಂತರ್ಜಾಲದ ಬೃಹತ್ ಸೇವೆಗಳು ಈ ಚರ್ಚೆಯ ನೆಲೆಯನ್ನೇ ಅಲುಗಾಡಿಸಿದವು. 2012ರ ಜನವರಿಯಲ್ಲಿ ಫೇಸ್‌ಬುಕ್ ಒಂದು ವಾರ ಕಾಲ 6,89,003 ಬಳಕೆದಾರರಿಗೆ ಕಾಣುವ ಬರಹಗಳಲ್ಲಿ ಭಾವನೆಯ ಪ್ರಮಾಣವನ್ನು ಹೆಚ್ಚುಕಡಿಮೆ ಮಾಡಿ, ಅದು ಅವರ ಬರಹಗಳ ಮೇಲೆ ಬೀರಿದ ಪರಿಣಾಮವನ್ನು ಅಳೆಯಿತು. 2014ರಲ್ಲಿ ಫಲಿತಾಂಶ ಪ್ರಕಟವಾದಾಗ ಎದ್ದ ಆಕ್ರೋಶಕ್ಕೆ ಕಂಪನಿ, ಬಳಕೆಯ ನಿಯಮಗಳಿಗೆ ಅವರು ಒಪ್ಪಿದ್ದಾರೆಂಬ ನೆಲೆಯಲ್ಲಿ ಸಮಜಾಯಿಷಿ ಕೊಟ್ಟಿತು. ಖಾಸಗಿ ಕಂಪನಿಯಾದ್ದರಿಂದ ಸಂಶೋಧನೆಗೆ ಅನ್ವಯವಾಗುವ ಅಮೆರಿಕದ ಸರ್ಕಾರಿ ನಿಯಮಗಳು ಅದನ್ನು ಕಟ್ಟಿಹಾಕುತ್ತಿರಲಿಲ್ಲ. ಆದರೂ ಪ್ರಬಂಧವನ್ನು ಪ್ರಕಟಿಸಿದ ವಿಜ್ಞಾನ ಪತ್ರಿಕೆಯೇ, ಒಪ್ಪಿಗೆ ಪಡೆಯುವ ಮತ್ತು ಹೊರಗುಳಿಯಲು ಅವಕಾಶ ಕೊಡುವ ತತ್ತ್ವಗಳು ಪೂರ್ಣವಾಗಿ ಪಾಲನೆಯಾಗಿಲ್ಲದಿರಬಹುದೆಂದು ಕಳವಳದ ಟಿಪ್ಪಣಿಯನ್ನು ಪ್ರಕಟಿಸಿತು.

ಇಂದು ಪರದೆಯೊಂದರ ಎರಡು ರೂಪಗಳನ್ನು ಬೇರೆಬೇರೆ ಜನರಿಗೆ ತೋರಿಸಿ ಹೋಲಿಸುವ ಪ್ರಯೋಗಗಳು ನಿತ್ಯದ ಸಂಗತಿ. ಬಣ್ಣ ಬದಲಿಸಿದ ಪ್ರತಿ ಗುಂಡಿಗೂ ಸಹಿ ಪಡೆಯಬೇಕೆನ್ನುವುದು ಅತಿಯಾದೀತು. ಸಾಲ, ಆರೋಗ್ಯ, ಮನಸ್ಸಿನ ಸ್ಥಿತಿ ಇವುಗಳನ್ನು ಮುಟ್ಟುವ ಬದಲಾವಣೆಗಳನ್ನೂ ಅದೇ ಸಾಲಿಗೆ ಸೇರಿಸುವುದು ಮಾತ್ರ ಸಮರ್ಥನೀಯವಲ್ಲ. ವಿಧಾನದ ಮಿತಿಯೂ ಒಂದಿದೆ. ತಾನು ಪ್ರಯೋಗದಲ್ಲಿದ್ದೇನೆಂದೇ ಅರಿಯದವರನ್ನು, ನೀವು ಏನು ಮಾಡಲು ಬಂದಿದ್ದಿರಿ ಎಂದು ಯಾರೂ ಕೇಳಿರುವುದಿಲ್ಲ. ಹೊಸ ಪರದೆಯಲ್ಲಿ ಅವರು ಹೆಚ್ಚು ಹೊತ್ತು ಉಳಿದರೆಂದು ಅಂಕಿಗಳು ತಿಳಿಸುತ್ತವೆ. ಅದು ಇಷ್ಟವಾಗಿಯೋ, ಹೊರಬರುವ ದಾರಿ ಕಾಣದೆಯೋ ಎಂಬುದನ್ನು ತಿಳಿಯಲು ಅವರಲ್ಲಿ ಕೆಲವರನ್ನಾದರೂ ಕರೆದು, ಒಪ್ಪಿಗೆ ಪಡೆದು, ಪಕ್ಕದಲ್ಲಿ ಕುಳಿತು ನೋಡಬೇಕಾಗುತ್ತದೆ.