ಸ್ಟಡ್ ಎಕ್ಸ್‌ಟ್ರಾಕ್ಟರ್: ಮುರಿದ ಎಕ್ಸಾಸ್ಟ್ ಸ್ಟಡ್ಡಿಗೆ ಯಾವುದು ಸರಿ?

ಮುರಿದ ಅಥವಾ ಜಾಮ್ ಆದ ಸ್ಟಡ್ಡನ್ನು ಹಿಡಿದು, ತಿರುಗಿಸಿ ಹೊರತೆಗೆಯುವ ಟೂಲಿಗೆ ಸ್ಟಡ್ ಎಕ್ಸ್‌ಟ್ರಾಕ್ಟರ್ ಎನ್ನುತ್ತಾರೆ. ಈ ಹೆಸರಿನಲ್ಲಿ ಬೇರೆ ಬೇರೆ ಟೂಲುಗಳಿವೆ. ಬಳ್ಳಾರಿಯ ಹಾರ್ಡ್‌ವೇರ್ ಅಂಗಡಿಯಲ್ಲಿ ಕೇಳಿದರೆ ಬಹಳ ಸಲ ಕೈಗೆ ಬರುವುದು ಪುಟ್ಟ ಡಬ್ಬಿಯಲ್ಲಿರುವ ಐದು ಕಡ್ಡಿಗಳ ಸೆಟ್. ತುದಿ ಸಣ್ಣ, ಮೈತುಂಬ ಸುರುಳಿ ಗೀರು. ಕಾರಿನ ಎಕ್ಸಾಸ್ಟ್ ಸ್ಟಡ್ಡಿಗೆ ಮೊದಲು ಇದನ್ನೇ ಹಾಕಬೇಡಿ ಎನ್ನುವುದು ನನ್ನ ಮಾತು. ಸ್ಟಡ್ ಎಷ್ಟು ಹೊರಗೆ ಉಳಿದಿದೆ ನೋಡಿ, ಆಮೇಲೆ ಟೂಲ್ ಆರಿಸಿ.

ಸ್ಟಡ್ ಅಂದರೆ ತಲೆ ಇಲ್ಲದ ಬೋಲ್ಟ್. ಎರಡೂ ತುದಿಗೆ ತ್ರೆಡ್ ಇರುತ್ತದೆ. ಒಂದು ತುದಿ ಎಂಜಿನ್ನಿನ ಹೆಡ್ಡಿನೊಳಗೆ ಕೂರುತ್ತದೆ. ಇನ್ನೊಂದು ತುದಿಗೆ ಎಕ್ಸಾಸ್ಟ್ ಮ್ಯಾನಿಫೋಲ್ಡ್, ಅಂದರೆ ಎಂಜಿನ್ನಿನ ಹೊಗೆ ಹೊರಗೊಯ್ಯುವ ಕೊಳವೆ, ಸೇರಿಸಿ ನಟ್ ಬಿಗಿಯುತ್ತಾರೆ. ಕಾರುಗಳಲ್ಲಿ ಜಾಸ್ತಿ ಕಾಣುವುದು 8 ಮಿ.ಮೀ. ಸ್ಟಡ್, ಕೆಲವದರಲ್ಲಿ 10. ಒಂದು ಮುರಿದರೂ ಬೆಳಗ್ಗೆ ಗಾಡಿ ಸ್ಟಾರ್ಟ್ ಮಾಡಿದಾಗ ಟಿಕ್ ಟಿಕ್ ಸದ್ದು ಬರಬಹುದು. ಎಂಜಿನ್ ಬಿಸಿಯಾದ ಮೇಲೆ ಕಡಿಮೆಯಾಗುತ್ತದೆ. ಹೆಡ್ಡಿಗೂ ಮ್ಯಾನಿಫೋಲ್ಡಿಗೂ ನಡುವೆ ಸಂದು ಮುಚ್ಚುವ ಗ್ಯಾಸ್ಕೆಟ್ ಪಕ್ಕ ಕಪ್ಪು ಮಸಿ ಹಿಡಿದಿದ್ದರೆ ಹೊಗೆ ಸೋರುತ್ತಿದೆ ಅಂತಲೇ ಅರ್ಥ. ಆ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಇರುತ್ತದೆ. ಕಾರಿನೊಳಗೂ ಬರಬಹುದು. ಹಾಗಾಗಿ ಸದ್ದು ಅಭ್ಯಾಸವಾಯಿತು ಎಂದು ಬಿಡುವ ಹಾಗಿಲ್ಲ.

ಬಳ್ಳಾರಿಯಂಥ ಒಣ ಊರಿನಲ್ಲಿ ಇಷ್ಟು ಜಂಗು ಎಲ್ಲಿಂದ ಬಂತು ಅಂತ ಕೆಲವರಿಗೆ ಅನಿಸುತ್ತದೆ. ಇಲ್ಲಿ ಕೆಲಸ ಮಾಡುವುದು ಮಳೆಯಲ್ಲ, ಕಾವು. ಮ್ಯಾನಿಫೋಲ್ಡ್ ನೂರಾರು ಡಿಗ್ರಿ ಬಿಸಿಯಾಗುತ್ತದೆ. ಅಷ್ಟು ಕಾವಿಗೆ ಕಬ್ಬಿಣ ಒಣ ಗಾಳಿಯಲ್ಲೇ ಆಕ್ಸಿಜನ್ ಹೀರಿ ಪೊರೆ ಕಟ್ಟುತ್ತದೆ. ಆ ಪೊರೆ ಮೂಲ ಕಬ್ಬಿಣಕ್ಕಿಂತ ಜಾಸ್ತಿ ಜಾಗ ಬೇಡುತ್ತದೆ. ತ್ರೆಡ್ಡಿನ ಸಂದು ತುಂಬಿ ಹೋಗುತ್ತದೆ. ಗಾಡಿ ದಿನಾ ಬಿಸಿಯಾಗಿ, ತಣ್ಣಗಾಗಿ, ಸ್ಟಡ್ ಹಿಗ್ಗಿ ಕುಗ್ಗಿ ದಣಿಯುತ್ತದೆ. ಸಂಡೂರಿನ ಗಣಿ ರಸ್ತೆಯಲ್ಲಿ ಓಡುವ ಗಾಡಿಯಾದರೆ ಮೇಲೊಂದು ಪದರ ಕೆಂಪು ಧೂಳು. ಮೊದಲು ವೈರ್ ಬ್ರಷ್‌ನಿಂದ ಅದನ್ನು ಉಜ್ಜಿ ತೆಗೆಯಿರಿ. ಇಲ್ಲದಿದ್ದರೆ ಜಂಗು ಬಿಡಿಸುವ ಎಣ್ಣೆ ತ್ರೆಡ್ಡಿನವರೆಗೂ ಇಳಿಯುವುದಿಲ್ಲ. ಎಣ್ಣೆ ಹಾಕಿ ರಾತ್ರಿಯಿಡೀ ಬಿಡುವುದು ಒಳ್ಳೆಯದು.

ಒಂದು ಸೆಂಟಿಮೀಟರಿನಷ್ಟು ಸ್ಟಡ್ ಹೊರಗಿದ್ದರೆ ನಿಮ್ಮ ಅದೃಷ್ಟ ಚೆನ್ನಾಗಿದೆ. ತ್ರೆಡ್ ಚೆನ್ನಾಗಿದ್ದರೆ ಎರಡು ನಟ್ ಹಾಕಿ, ಒಂದಕ್ಕೊಂದು ಎದುರಾಗಿ ಬಿಗಿದು, ಒಳಗಿನ ನಟ್ಟಿಗೆ ಪಾನಾ ಹಾಕಿ ತಿರುಗಿಸಬಹುದು. ತ್ರೆಡ್ ಕೆಟ್ಟಿದ್ದರೆ ರೋಲರ್ ಅಥವಾ ಕ್ಯಾಮ್ ಮಾದರಿಯ ಎಕ್ಸ್‌ಟ್ರಾಕ್ಟರ್ ಬೇಕು. ನೋಡಲು ಸಾಕೆಟ್ ಥರ ಇರುವ ರೋಲರ್ ಮಾದರಿಯೊಳಗೆ ಸಣ್ಣ ರೋಲರುಗಳಿರುತ್ತವೆ. ತಿರುಗಿಸಿದಷ್ಟೂ ಅವು ಸ್ಟಡ್ಡನ್ನು ಇನ್ನೂ ಬಿಗಿಯಾಗಿ ಕಚ್ಚುತ್ತವೆ. ಎಕ್ಸಾಸ್ಟ್ ಕೆಲಸಕ್ಕೆ ದುಡ್ಡು ಹಾಕಿ ಒಂದು ಟೂಲ್ ತೆಗೆದುಕೊಳ್ಳುವುದಾದರೆ ಇದನ್ನೇ ತೆಗೆದುಕೊಳ್ಳಿ. ಸ್ಟಡ್ಡಿನ ಅಳತೆಗೆ ಸರಿಯಾದ ಸೈಜ್ ಇರಲಿ. ಒಂದೇ ಸಮನೆ ಬಲ ಹಾಕಬೇಡಿ. ಕಾಲು ಸುತ್ತು ಬಿಚ್ಚಿ, ಸ್ವಲ್ಪ ಹಿಂದಕ್ಕೆ ತಿರುಗಿಸಿ, ಮತ್ತೆ ಬಿಚ್ಚಿ. ಪುಡಿ ಉದುರುತ್ತಾ ದಾರಿ ಬಿಡುತ್ತದೆ.

ಸ್ಟಡ್ ಹೆಡ್ಡಿನ ಮಟ್ಟಕ್ಕೇ ಮುರಿದಿದ್ದರೆ ನನ್ನ ಆಯ್ಕೆ ವೆಲ್ಡಿಂಗ್. ಮುರಿದ ತುದಿಯ ಮೇಲೆ ಒಂದು ನಟ್ ಇಟ್ಟು, ಅದರ ತೂತಿನೊಳಗಿಂದ ಸ್ಟಡ್ಡಿಗೆ ವೆಲ್ಡ್ ಮಾಡುತ್ತಾರೆ. ಹಿಡಿಯಲು ಜಾಗ ಸಿಗುತ್ತದೆ, ಜೊತೆಗೆ ಆ ಕಾವಿಗೇ ಜಂಗಿನ ಹಿಡಿತ ಒಡೆಯುತ್ತದೆ. ಹೆಡ್ ಅಲ್ಯೂಮಿನಿಯಂ ಆಗಿದ್ದರೆ ಸ್ಟೀಲಿನ ವೆಲ್ಡ್ ಅದಕ್ಕೆ ಅಂಟುವುದಿಲ್ಲ, ಅದೂ ಅನುಕೂಲವೇ. ಇದನ್ನು ಕೈ ಪಳಗಿದ ವೆಲ್ಡರ್ ಮಾಡಬೇಕು. ಮೊದಲು ಬ್ಯಾಟರಿ ಕಳಚಬೇಕು, ಹಾಕಿದ ಎಣ್ಣೆಯನ್ನು ಪೂರ್ತಿ ಒರೆಸಬೇಕು. ಎಣ್ಣೆ ಉಳಿದಿದ್ದರೆ ಬೆಂಕಿ ಹತ್ತಬಹುದು.

ಇನ್ನು ಆ ಸುರುಳಿ ಕಡ್ಡಿ. ಇದಕ್ಕೆ ಸ್ಟಡ್ಡಿನ ನಟ್ಟನಡುವೆ ತೂತು ಕೊರೆಯಬೇಕು. 8 ಮಿ.ಮೀ. ಸ್ಟಡ್ಡಿಗೆ ಸುಮಾರು 4 ಮಿ.ಮೀ. ಸಾಕು. ತೂತು ಪಕ್ಕಕ್ಕೆ ಸರಿದರೆ ಡ್ರಿಲ್ ಮೆತ್ತಗಿನ ಅಲ್ಯೂಮಿನಿಯಂ ಕಡೆ ಓಡುತ್ತದೆ, ಹೆಡ್ಡಿನ ತ್ರೆಡ್ ಹಾಳಾಗುತ್ತದೆ. ಸೆಂಟರ್ ಪಂಚ್ ಹೊಡೆದು ನಡುವೆ ಸಣ್ಣ ಕುಳಿ ಮಾಡದೆ ಡ್ರಿಲ್ ಮುಟ್ಟಬೇಡಿ. ತೂತಾದ ಮೇಲೆ ಇನ್ನೊಂದು ತೊಂದರೆ. ತುದಿ ಚೂಪಾದ ಎಕ್ಸ್‌ಟ್ರಾಕ್ಟರ್ ಒಳಗಿಳಿದಂತೆ ಕಟ್ಟಿಗೆಗೆ ಹೊಡೆದ ಬೆಣೆಯ ಹಾಗೆ ಸ್ಟಡ್ಡನ್ನು ಹೊರಕ್ಕೆ ಒತ್ತುತ್ತದೆ. ಮೊದಲೇ ಜಾಮ್ ಆಗಿರುವ ಸ್ಟಡ್ ಮತ್ತಷ್ಟು ಬಿಗಿಯಾಗುತ್ತದೆ. ಬಲ ಹಾಕಿದರೆ ಎಕ್ಸ್‌ಟ್ರಾಕ್ಟರೇ ಒಳಗೆ ಮುರಿಯುತ್ತದೆ. ಅದು ಎಷ್ಟು ಗಟ್ಟಿ ಉಕ್ಕು ಎಂದರೆ ಸಾಮಾನ್ಯ ಡ್ರಿಲ್ ಬಿಟ್ ಅದರ ಮೇಲೆ ಜಾರುತ್ತದೆ ಅಷ್ಟೇ. ಆಮೇಲೆ ಕಾರ್ಬೈಡ್ ಬಿಟ್ ಇಲ್ಲವೇ ವಿದ್ಯುತ್ ಕಿಡಿಯಿಂದ ಲೋಹ ಸವೆಸುವ ಸ್ಪಾರ್ಕ್ ಎರೋಷನ್ ಮಷೀನ್ ಹುಡುಕಬೇಕು, ಖರ್ಚು ಎಲ್ಲಿಗೋ ಹೋಗುತ್ತದೆ.

ಕೊರೆಯಲೇಬೇಕಾದರೆ ಲೆಫ್ಟ್ ಹ್ಯಾಂಡ್ ಡ್ರಿಲ್ ಬಿಟ್ ಹುಡುಕಿ. ಅದು ಬಿಚ್ಚುವ ದಿಕ್ಕಿಗೇ ತಿರುಗುತ್ತಾ ಕೊರೆಯುತ್ತದೆ. ಎಷ್ಟೋ ಸಲ ಕೊರೆಯುವಾಗಲೇ ಸ್ಟಡ್ ಕಚ್ಚಿಕೊಂಡು ಈಚೆ ಬರುತ್ತದೆ. ಎಕ್ಸ್‌ಟ್ರಾಕ್ಟರ್ ಹಾಕುವುದಾದರೂ ಚೂಪು ತುದಿಯದಕ್ಕಿಂತ ಉದ್ದಕ್ಕೂ ಒಂದೇ ದಪ್ಪವಿರುವ, ಹಲ್ಲುಗಳಿರುವ ಮಾದರಿ ವಾಸಿ. ಅದು ಸ್ಟಡ್ಡನ್ನು ಅಷ್ಟು ಹಿಗ್ಗಿಸುವುದಿಲ್ಲ. ಅಲ್ಯೂಮಿನಿಯಂ ಹೆಡ್ಡನ್ನು ಸುತ್ತಲೂ ಬಿಸಿ ಮಾಡಿದರೂ ಸಹಾಯವಾಗುತ್ತದೆ. ಒಂದೇ ಕಾವಿಗೆ ಅಲ್ಯೂಮಿನಿಯಂ ಸ್ಟೀಲಿಗಿಂತ ಹೆಚ್ಚುಕಡಿಮೆ ಎರಡರಷ್ಟು ಹಿಗ್ಗುತ್ತದೆ, ತೂತು ಸಡಿಲವಾಗುತ್ತದೆ.

ಏನು ಮಾಡಿದರೂ ತ್ರೆಡ್ ಉಳಿಯದಿದ್ದರೆ ಹೆಡ್ ಬದಲಿಸಬೇಕೆಂದು ಹೆದರಬೇಡಿ. ತೂತನ್ನು ದೊಡ್ಡದು ಮಾಡಿ ಹೆಲಿಕಾಯಿಲ್‌ನಂಥ ತ್ರೆಡ್ ಇನ್ಸರ್ಟ್, ಅಂದರೆ ಹೊಸ ತ್ರೆಡ್ ಕೊಡುವ ಸುರುಳಿ ತಂತಿ, ಕೂರಿಸುತ್ತಾರೆ. ಹಳೇ ಅಳತೆಯ ಸ್ಟಡ್ಡೇ ಅದರಲ್ಲಿ ಕೂರುತ್ತದೆ. ತ್ರೆಡ್ ಉಳಿದಿದ್ದರೆ ಟ್ಯಾಪ್ (ತ್ರೆಡ್ ಕೊರೆಯುವ ಟೂಲ್) ಹಾಯಿಸಿ ಸ್ವಚ್ಛ ಮಾಡಿ, ಹೊಸ ಸ್ಟಡ್, ಹೊಸ ನಟ್, ಹೊಸ ಗ್ಯಾಸ್ಕೆಟ್ ಹಾಕಿ. ಬಿಗಿಯುವುದು ಮಾತ್ರ ಅಂದಾಜಿಗೆ ಬೇಡ. ನಿಮ್ಮ ಗಾಡಿಯ ಸರ್ವಿಸ್ ಮ್ಯಾನ್ಯುಯಲ್ಲಿನ ಟಾರ್ಕ್ (ಎಷ್ಟು ಬಲದಿಂದ ತಿರುಗಿಸಿ ಬಿಗಿಯಬೇಕೆಂಬ ಅಳತೆ) ನೋಡಿ, ಟಾರ್ಕ್ ರೆಂಚಿನಿಂದಲೇ ಬಿಗಿಯಿಸಿ.