ಬೀಗದ ಕೈ ಕೊಟ್ಟ ದಿನವೇ ಫೈಲು ಮುಚ್ಚಬೇಡಿ

ನೆಲೆಯಿಲ್ಲದವರಿಗಾಗಿ ಆಶ್ರಯಕೇಂದ್ರ ನಡೆಸುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆಯೊಂದಿದೆ. "ಮನೆ ಕೊಡಿಸಿದೆವು, ಕೆಲಸಕ್ಕೂ ಸೇರಿಸಿದೆವು. ನಾಲ್ಕು ತಿಂಗಳಾಗುವಷ್ಟರಲ್ಲಿ ಮತ್ತೆ ಬೀದಿಗೆ ಬಂದಿದ್ದಾರೆ. ಅವರಿಗೇ ಮನಸ್ಸಿಲ್ಲದಿದ್ದರೆ ನಾವೇನು ಮಾಡೋಣ?" ಮನಸ್ಸಿನ ಮಾತು ಆಮೇಲೆ. ಮನೆಗೆ ಹೋದ ಮೇಲೆ ಯಾರು, ಎಷ್ಟು ಸಲ ಹೋಗಿ ನೋಡಿ ಬಂದಿರಿ? ಇದಕ್ಕೆ ಉತ್ತರ ಸಿಗುವುದು ಅಪರೂಪ.

ಕೇಂದ್ರದಲ್ಲಿದ್ದಾಗ ಊಟದ ಹೊತ್ತಿಗೆ ಯಾರೋ ಕರೆಯುತ್ತಾರೆ, ಮಾತ್ರೆಯನ್ನು ಸಿಬ್ಬಂದಿ ನೆನಪಿಸುತ್ತಾರೆ, ಪಕ್ಕದ ಹಾಸಿಗೆಯಲ್ಲಿ ಇನ್ನೊಂದು ಜೀವ ಇರುತ್ತದೆ. ಮನೆ ಸಿಕ್ಕಿದ ದಿನ ಇದೆಲ್ಲ ಒಟ್ಟಿಗೇ ನಿಂತುಹೋಗುತ್ತದೆ. ವರ್ಷಗಟ್ಟಲೆ ಬೀದಿಯಲ್ಲಿ ಮಲಗಿದ ಕೆಲವರು ಮಂಚ ಬಿಟ್ಟು ಬಾಗಿಲ ಬಳಿ ನೆಲದ ಮೇಲೆ ಮಲಗುತ್ತಾರೆ. ದೀಪ ಆರಿಸುವುದಿಲ್ಲ. ಚಪ್ಪಲಿ ತಲೆಯಡಿ, ಕಾಗದಪತ್ರದ ಚೀಲ ಎದೆಯ ಮೇಲೆ. ಬುದ್ಧಿ ಹೇಳಲು ಹೋಗಬೇಡಿ, ಹೆಚ್ಚಿನವರಲ್ಲಿ ಇದು ನಿಧಾನವಾಗಿ ಕಡಿಮೆಯಾಗುತ್ತದೆ. ನಿದ್ದೆ ಪೂರ್ತಿ ತಪ್ಪಿದೆ, ಊಟ ಬಿಟ್ಟಿದ್ದಾರೆ ಎಂದಾದರೆ ಮಾತ್ರ ತಡಮಾಡದೆ ವೈದ್ಯರಿಗೆ ತೋರಿಸಬೇಕು.

ಈ ಸಂಧಿಕಾಲಕ್ಕೆಂದೇ ರೂಪಿಸಿದ ಕ್ರಮವೊಂದಿದೆ, ಹೆಸರು ಕ್ರಿಟಿಕಲ್ ಟೈಮ್ ಇಂಟರ್‌ವೆನ್ಷನ್, ಅಂದರೆ ನಿರ್ಣಾಯಕ ಹೊತ್ತಿನಲ್ಲಿ ಕೊಡುವ ಬೆಂಬಲ. ಶುರುವಾದದ್ದು ನ್ಯೂಯಾರ್ಕ್‌ನಲ್ಲಿ, ತೀವ್ರ ಮಾನಸಿಕ ಕಾಯಿಲೆಯಿದ್ದ ಗಂಡಸರಿಗಾಗಿ. 1997ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 96 ಮಂದಿಯನ್ನು ಎರಡು ಗುಂಪು ಮಾಡಿ 18 ತಿಂಗಳು ಗಮನಿಸಿದರು. ಮಾಮೂಲಿ ಸೇವೆ ಪಡೆದವರು ಆ ಅವಧಿಯಲ್ಲಿ ಸರಾಸರಿ 91 ರಾತ್ರಿ ನೆಲೆಯಿಲ್ಲದೆ ಕಳೆದಿದ್ದರು. ಮೊದಲ 9 ತಿಂಗಳು ಈ ಬೆಂಬಲ ಸಿಕ್ಕವರಿಗೆ ಅದು 30 ರಾತ್ರಿ. ಎಲ್ಲರಿಗೂ, ಎಲ್ಲ ಕಡೆಯೂ ಇದೇ ಲೆಕ್ಕ ಬರುತ್ತದೆಂದು ಹೇಳಲಾಗದು. ಆದರೆ ಮನೆಯ ನಂತರದ ತಿಂಗಳುಗಳೇ ನಿರ್ಣಾಯಕ ಎಂಬುದಕ್ಕೆ ಇಷ್ಟು ಸಾಕು.

9 ತಿಂಗಳಿಗೆ ಮೂರು ಹಂತ. ಮೊದಲ ಮೂರು ತಿಂಗಳು ಪದೇ ಪದೇ ಮನೆಗೆ ಹೋಗಬೇಕು. ನಡುವಿನ ಮೂರು ತಿಂಗಳು ಕೈಬಿಟ್ಟು ನೋಡಬೇಕು, ಎಲ್ಲಿ ಎಡವುತ್ತಾರೋ ಅಲ್ಲಿಗಷ್ಟೇ ಹೋಗಬೇಕು. ಕೊನೆಯ ಮೂರು ತಿಂಗಳಲ್ಲಿ ಆಸರೆಯ ಹೊಣೆ ಪೂರ್ತಿಯಾಗಿ ಕ್ಲಿನಿಕ್ಕಿಗೆ, ನಂಟರಿಗೆ, ನೆರೆಯವರಿಗೆ ದಾಟಬೇಕು. ಒಳ್ಳೆಯ ಕಾರ್ಯಕರ್ತರು ಎಡವುವುದು ನಡುವಿನ ಹಂತದಲ್ಲೇ, ಅದೂ ಪ್ರೀತಿಯಿಂದ. ವೈದ್ಯರಿಗೆ ತಾವೇ ಫೋನ್ ಮಾಡುತ್ತಾರೆ, ಅರ್ಜಿ ತಾವೇ ತುಂಬುತ್ತಾರೆ. ದಯವಿಟ್ಟು ಬೇಡ. ಫೋನ್ ಅವರ ಕೈಯಲ್ಲಿರಲಿ, ನೀವು ಪಕ್ಕದಲ್ಲಿ ಕೂತಿರಿ. ಏನು ಕೇಳಬೇಕೆಂಬುದನ್ನು ಮೊದಲೇ ಚೀಟಿಯಲ್ಲಿ ಬರೆದುಕೊಳ್ಳಲಿ. ಮಾತು ತಡವರಿಸಿದರೂ ಮುಗಿಸಲಿ. ನೀವು ಹೋದ ಮೇಲೆ ಆ ಫೋನ್ ಮಾಡಬೇಕಾದವರು ಅವರೇ.

ಬಾಡಿಗೆಯ ದಿನವನ್ನು ಸಂಬಳದ ಮರುದಿನಕ್ಕೆ ಇಟ್ಟುಕೊಳ್ಳುವಂತೆ ಮಾಲೀಕರ ಬಳಿ ಮೊದಲೇ ಮಾತಾಡಿ. ಮೊದಲ ಸಲ ಬಾಡಿಗೆ ತಪ್ಪಿದಾಗ ಬಹಳಷ್ಟು ಜನ ನಾಚಿಕೆಯಿಂದ ಬಾಯಿಬಿಡುವುದಿಲ್ಲ. ಫೋನ್ ಎತ್ತುವುದಿಲ್ಲ, ಬಂದ ಪತ್ರ ಒಡೆಯುವುದಿಲ್ಲ, ಬಾಗಿಲು ತೆರೆಯುವುದಿಲ್ಲ. ಇದು ಸೊಕ್ಕಲ್ಲ, ಅಪಾಯದ ಮೊದಲ ಗುರುತು. ಆ ವಾರವೇ ಹೋಗಿ. ಬೀದಿಯ ಗೆಳೆಯರು ಬಂದು ಮನೆಯಲ್ಲೇ ಉಳಿದುಬಿಡುವುದು ಇನ್ನೊಂದು ತೊಡಕು. "ಅವರನ್ನು ಓಡಿಸಿ" ಎನ್ನುವುದು ಸುಲಭ, ಆದರೆ ಎಷ್ಟೋ ಜನರಿಗೆ ಇರುವ ಬಳಗ ಅಷ್ಟೇ. ಎಷ್ಟು ಹೊತ್ತು ಇರಬಹುದು, ಹೊರಡಿ ಎಂದು ಹೇಗೆ ಹೇಳುವುದು ಎಂಬುದನ್ನು ಮನೆ ಸೇರುವ ಮುಂಚೆಯೇ ಕೂತು ಮಾತಾಡಿ.

ಒಬ್ಬ ಕಾರ್ಯಕರ್ತರ ಕೈಗೆ 60 ಮಂದಿಯನ್ನು ಕೊಟ್ಟರೆ ಇದ್ಯಾವುದೂ ನಡೆಯದು, 20ರ ಒಳಗಿರಲಿ. ಅನುದಾನ ಕೊಡುವವರು ಎಷ್ಟು ಜನರನ್ನು ಮನೆಗೆ ಕಳಿಸಿದಿರಿ ಎಂದಷ್ಟೇ ಕೇಳುತ್ತಾರೆ. ವರ್ಷದ ನಂತರವೂ ಅದೇ ಮನೆಯಲ್ಲಿರುವವರು ಎಷ್ಟು ಎಂಬ ಕಾಲಮ್ಮನ್ನು ವರದಿಗೆ ನೀವೇ ಸೇರಿಸಿ, ಮನೆಭೇಟಿಯ ಖರ್ಚನ್ನು ಅದರ ಪಕ್ಕದಲ್ಲೇ ತೋರಿಸಿ.